ನಾಯಿಗಳ ಪರವಾಗಿ ನಿಂತ ಕ್ರೋಯ್ಡನ್ ಶನಿವಾರಗಳು

ಲಂಡನ್ನಿಗೆ ಹೋಗಿ ಬಂದೆ ಅಂದ ಕೂಡಲೇ ನಮ್ಮ ಓಣಿಯವರು ಕೇಳುವ ಮೊದಲ ಪ್ರಶ್ನೆ, ರಾಣಿಯ ಅರಮನೆ ನೋಡಿದಿರಾ ಅಂತ. ನೋಡಲಿಲ್ಲ. ದೊಡ್ಡ ಗಡಿಯಾರವನ್ನು ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದೆ, ಅದಕ್ಕೂ ಮುಂದೆ ಕೂತವರ ಟೋಪಿ ಅಡ್ಡ ಬಂದಿತ್ತು. ಆದರೆ ಲಂಡನ್ನಿನ ದಕ್ಷಿಣದ ಅಂಚಿನಲ್ಲಿರುವ ಕ್ರೋಯ್ಡನ್ ಎಂಬ ಊರಿನ ಅಂಗಡಿ ಬೀದಿಯ ಬಗ್ಗೆ ಕೇಳಿ, ಧಾರವಾಡದ ಸುಭಾಷ ರಸ್ತೆಯಷ್ಟೇ ಚೆನ್ನಾಗಿ ಹೇಳುತ್ತೇನೆ. ಆ ಬೇಸಿಗೆಯ ನನ್ನ ಶನಿವಾರಗಳೆಲ್ಲ ಅಲ್ಲಿಯೇ ಕಳೆದವು. ಒಂದು ಮಡಚುವ ಮೇಜಿನ ಹಿಂದೆ ನಿಂತು, ನಾನೆಂದೂ ಕಾಣದ ದೇಶಗಳ ನಾಯಿ ಬೆಕ್ಕುಗಳ ಪರವಾಗಿ, ದಾರಿಹೋಕರಿಂದ ಸಹಿ ಕೇಳುತ್ತಿದ್ದೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು ನಾನು. ಅಲ್ಲಿಯವರೆಗೆ ನನ್ನ ಸಹಿ ಕೇಳಲು ಜನ ನನ್ನ ಕೋಣೆಯ ಹೊರಗೆ ಕಾಯುತ್ತಿದ್ದರು.

ಏಳನೆಯ ಮಹಡಿ

ಹೀಥ್ರೋ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಜೋಳದ ಹಿಟ್ಟಿನ ಚೀಲ ಬಿಚ್ಚಿಸಿ, ಇದರಿಂದ ಏನು ಮಾಡುತ್ತೀರಿ ಎಂದು ಕೇಳಿದ. ಬಾಯಲ್ಲಿ ಹೇಳಿದರೆ ತಿಳಿಯಲಾರದು ಎಂದು ಅವನ ಮೇಜಿನ ಮೇಲೆಯೇ ಬರಿಗೈಯಲ್ಲಿ ಟಪಟಪ ರೊಟ್ಟಿ ಬಡಿದು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅವನೂ ನಕ್ಕು ಚೀಲ ಕಟ್ಟಿಕೊಟ್ಟ.

ನನ್ನ ತಂಗಿ ಶಕುಂತಲಾ, ನಮ್ಮೆಲ್ಲರಿಗೂ ಶಕ್ಕು, ಕ್ರೋಯ್ಡನ್ನಿನಲ್ಲಿ ಕೌನ್ಸಿಲ್ಲಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಅರವಿಂದ ಸರಕಾರಿ ಆಸ್ಪತ್ರೆಯ ಡಾಕ್ಟರು. ಮನೆಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ಡ್ಯೂಟಿ. ಅವರ ಫ್ಲ್ಯಾಟ್ ಏಳನೆಯ ಮಹಡಿಯಲ್ಲಿ. ಕೆಳಗೆ ನೋಡಿದರೆ ಹೊಸದಾಗಿ ಬಂದ ಟ್ರಾಮು ಆಟಿಕೆಯ ಹಾಗೆ ಓಡುತ್ತಿರುತ್ತಿತ್ತು.

ಬಂದ ಮರುದಿನ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬೆಲ್ ಆಯಿತು. ಬಾಗಿಲು ತೆರೆದರೆ ಎದುರು ಫ್ಲ್ಯಾಟಿನ ಮುದುಕರೊಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಬಿಳಿ ಕೂದಲು. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ತೆರೆದು ತೆರೆದು ನೋಡಿದೆ, ಯಾರೂ ಇಲ್ಲ ಎಂದು ಕೈಸನ್ನೆಯಲ್ಲಿ ಹೇಳಿದರು. ನಾನು ಹಿಟ್ಟು ಮೆತ್ತಿದ ಕೈ ತೋರಿಸಿದೆ. ಒಳಗೆ ಕರೆದು ಒಲೆಯ ಮುಂದೆ ನಿಲ್ಲಿಸಿ, ಒಂದು ರೊಟ್ಟಿ ಬಡಿದು, ಬೇಯಿಸಿ ತೋರಿಸಿದೆ. ಹೋಗುವಾಗ ಸ್ಟೀಲಿನ ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟೆ.

ಸಂಜೆ ಡಬ್ಬಿ ಮರಳಿ ಬಂತು, ಹೆಚ್ಚಿದ ಪಿಯರ್ ಹಣ್ಣಿನ ಹೋಳುಗಳನ್ನು ತುಂಬಿಕೊಂಡು. ಪಾತ್ರೆಯನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮಲ್ಲಿ ಹೇಗೋ ಅವರಲ್ಲಿಯೂ ಹಾಗೆಯೇ ಅಂತೆ. ಹೇಳಿದ್ದು ಡಬ್ಬಿ ತಂದ ಮಗಳು, ಸೂನ್‌ಹೀ. ಅವಳು ಕೊರಿಯಾ ದೇಶದವಳು, ಶಕ್ಕುವಿನ ಜೊತೆಗೇ ಲೈಬ್ರರಿಯಲ್ಲಿ ಕೆಲಸ. ಅಪ್ಪ ಹಡಗು ಕಟ್ಟುವ ಕೆಲಸದಿಂದ ನಿವೃತ್ತರು. ಹೆಂಡತಿ ತೀರಿಕೊಂಡ ಮೇಲೆ ಬೇಸಿಗೆಗೆಂದು ಮಗಳ ಮನೆಗೆ ಬಂದಿದ್ದರು.

ಅವರನ್ನು ಏನೆಂದು ಕರೆಯುವುದು? ಹೆಸರು ಹಿಡಿದು ಕರೆಯಲು ಮನಸ್ಸು ಬರಲಿಲ್ಲ. ಯಜಮಾನರು ಎಂದೆ.

"ಅಯ್ಯ ನಮ್ಮಕ್ಕ! ಯಜಮಾನ್ರು ಅಂದ್ರ ನಮ್ಮ ಕಡೆ ಏನ ಅರ್ಥ ಐತಿ ಗೊತ್ತಿಲ್ಲೇನ?" ಶಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಡಿ, ಭಾವಗ ಫೋನ ಮಾಡಿ ಹೇಳ್ತೀನಿ."

ಅವಳ ಭಾವ, ಅಂದರೆ ನನ್ನ ಗಂಡ, ಲಂಡನ್ನಿಗೆ ಬರಲಿಲ್ಲ. ನಮ್ಮ ಓಣಿಯ ನಾಯಿ ಕಾಳ್ಯಾನಿಗೆ ರೊಟ್ಟಿ ಹಾಕುವವರು ಯಾರು ಎಂಬುದು ಅವರ ಕಾರಣ. ನಮ್ಮ ಮನೆಯಲ್ಲಿ ಕೊನೆಯ ರೊಟ್ಟಿ ಕಾಳ್ಯಾನದು, ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಭಾನುವಾರ ಫೋನ್ ಮಾಡಿದರೆ ಮೊದಲು ಅವನ ಸುದ್ದಿ.

"ಕಾಳ್ಯಾ ಆರಾಮ ಐತಿ. ನಿನ್ನಿ ಒಂದೀಟು ಕುಂಟತಿತ್ತು, ಇವತ್ತ ಓಡಾಡಾಕತ್ತೈತಿ."

"ಮತ್ತ ನೀವು?"

"ನಾನೂ ಅದೀನಿ."

ಅಂಗಡಿ ಬೀದಿ

ಮೊದಲ ಶನಿವಾರ ಶಕ್ಕು ನನ್ನನ್ನು ಬೆಳಿಗ್ಗೆಯೇ ಎಬ್ಬಿಸಿದಳು. ಅರಮನೆಗೆ ಹೋಗುವುದು ಎಂದುಕೊಂಡು ಇಳಕಲ್ ಸೀರೆ ಉಟ್ಟೆ. ಕರೆದುಕೊಂಡು ಹೋದದ್ದು ಅಂಗಡಿ ಬೀದಿಗೆ. ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಜನ ಮಾತ್ರ. ಒಂದು ದೊಡ್ಡ ಅಂಗಡಿಯ ಪಕ್ಕದಲ್ಲಿ ಮಡಚುವ ಮೇಜು, ಅದರ ಮೇಲೆ ಸಹಿ ಹಾಳೆಗಳು, ಎರಡು ಬದಿಗೆ ಫೋಟೋ ಅಂಟಿಸಿದ ಹಲಗೆಗಳು. ಹಿಂದೆ ಸೂನ್‌ಹೀ ಮತ್ತು ಜೂಡಿತ್ ಎಂಬ ಇಂಗ್ಲಿಷ್ ಹೆಂಗಸು. ಈಕೆ ಪೋಸ್ಟ್ ಆಫೀಸಿನಿಂದ ನಿವೃತ್ತಳಾದವಳು, ಮೇಜೂ ಅವಳದೇ, ಹಠವೂ ಅವಳದೇ.

ಶಕ್ಕು ಸಣ್ಣವಳಿದ್ದಾಗ ನಾಯಿ ಬೊಗಳಿದರೆ ನನ್ನ ಲಂಗ ಹಿಡಿದುಕೊಂಡು ಅಳುತ್ತಿದ್ದಳು. ಈಗ ಅವಳೇ ನನಗೆ ಪಾಠ ಹೇಳಿದಳು. ಕೊರಿಯಾ, ಚೀನಾ ಇನ್ನೂ ಕೆಲವು ಕಡೆ ನಾಯಿ ಬೆಕ್ಕುಗಳ ಮಾಂಸದ ವ್ಯಾಪಾರ ಇದೆ. ತಂತಿಯ ಪಂಜರಗಳಲ್ಲಿ ಒಂದರ ಮೇಲೊಂದು ತುರುಕಿ ಸಾಗಿಸುತ್ತಾರೆ. ಅದನ್ನು ನಿಲ್ಲಿಸುವಂತೆ ಆ ಸರಕಾರಗಳೊಡನೆ ಮಾತಾಡಿ ಎಂದು ಇಲ್ಲಿಯ ಪಾರ್ಲಿಮೆಂಟಿನವರಿಗೆ ಕೇಳಲು ಈ ಸಹಿಗಳು. ನಾನು ಹಲಗೆಯ ಹತ್ತಿರ ಹೋಗಿ ನೋಡಿದೆ. ಗೋಣಿಚೀಲದಿಂದ ಹೊರಗೆ ಚಾಚಿದ ಬೆಕ್ಕಿನ ಕಾಲು. ಪಂಜರದ ಮೂಲೆಯಲ್ಲಿ ಒಂದು ಕಂದು ನಾಯಿ, ಅದರ ಕೊರಳಲ್ಲಿ ಕೆಂಪು ಪಟ್ಟಿ. ಯಾರದೋ ಮನೆಯ ನಾಯಿ ಅದು, ಕದ್ದು ತಂದದ್ದು. ನಮ್ಮವರು ಕಾಳ್ಯಾನಿಗೆ ಕಟ್ಟಿದ್ದೂ ಕೆಂಪು ಪಟ್ಟಿಯೇ. ಸೆರಗು ಬಿಗಿದು ಮೇಜಿನ ಹಿಂದೆ ನಿಂತೆ.

ನಿಂತವಳು ಸುಮ್ಮನೆ ನಿಲ್ಲಬೇಕಿತ್ತು. ಒಬ್ಬ ಹುಡುಗ ಬಂದ, ಒಂದು ಕೈಯಲ್ಲಿ ಬರ್ಗರ್. ಫೋಟೋ ನೋಡಿ, ಛೇ, ಎಂಥ ಅನ್ಯಾಯ ಎಂದು ಪೆನ್ನು ತೆಗೆದುಕೊಂಡ. ನಾನು ತರಗತಿಯ ದನಿಯಲ್ಲಿ ಕೇಳಿದೆ, "ಮಗೂ, ನಿನ್ನ ಕೈಯಲ್ಲಿರುವುದು ಏನು? ಅದಕ್ಕೂ ತಾಯಿ ಇತ್ತಲ್ಲ?" ಅವನು ಬರ್ಗರನ್ನು ನೋಡಿದ, ನನ್ನನ್ನು ನೋಡಿದ, ಪೆನ್ನು ಇಟ್ಟು ಹೋದ. ಅವನ ಹಿಂದಿದ್ದ ಹೆಂಗಸಿಗೆ ಕುರಿಮರಿಯ ಬಗ್ಗೆ ಹೇಳಿದೆ. ಅವಳೂ ಹೋದಳು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನನಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸಿತ್ತು. ಸ್ವಲ್ಪ ಹೊತ್ತಿನಲ್ಲಿ ಮೇಜಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ಜೂಡಿತ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ಬೈಯಲಿಲ್ಲ. "ನಾನೂ ಮಾಂಸ ಬಿಟ್ಟು ಬಹಳ ವರ್ಷವಾಯಿತು. ನೀವು ಹೇಳುವುದೆಲ್ಲ ನನಗೆ ಒಪ್ಪಿಗೆ. ಆದರೆ ಈ ಮೇಜಿನಲ್ಲಿ ಒಂದು ಸಲಕ್ಕೆ ಒಂದೇ ಮಾತು. ಇವತ್ತಿನ ಮಾತು ನಾಯಿ ಮತ್ತು ಬೆಕ್ಕು." ಹೇಳಿ ನನಗೆ ಹೊಸ ಕೆಲಸ ಕೊಟ್ಟಳು. ಹಾಳೆಗಳು ಗಾಳಿಗೆ ಹಾರದಂತೆ ಕೈಯಿಟ್ಟುಕೊಂಡು ಕೂರುವುದು. ಇಷ್ಟು ನಯವಾಗಿ ನನ್ನ ಬಾಯಿ ಮುಚ್ಚಿಸಿದವರು ನನ್ನ ಇಡೀ ನೌಕರಿಯಲ್ಲಿ ಇರಲಿಲ್ಲ.

ಹಾಳೆ ಹಿಡಿದು ಕೂತದ್ದಕ್ಕೆ ಒಂದು ಲಾಭವಾಯಿತು. ಸೂನ್‌ಹೀ ಕೆಲಸ ಮಾಡುವುದನ್ನು ನೋಡಿದೆ. ಒಬ್ಬ ದಪ್ಪ ಮನುಷ್ಯ ಅವಳ ಮುಖವನ್ನೇ ದಿಟ್ಟಿಸಿ, "ತಿನ್ನುವವರೂ ನೀವೇ, ಸಹಿ ಕೇಳುವವರೂ ನೀವೇನಾ?" ಎಂದು ನಕ್ಕ. ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ನಮ್ಮ ದೇಶದಲ್ಲಿ ಇದನ್ನು ನಿಲ್ಲಿಸಲು ನಮ್ಮವರೇ ಬೀದಿಗೆ ಇಳಿದಿದ್ದಾರೆ. ಅವರ ಪರವಾಗಿ ನಾನು ಇಲ್ಲಿ ನಿಂತಿದ್ದೇನೆ. ನಿಮ್ಮ ಹೆಸರು ಇಲ್ಲಿ ಬರೆಯಿರಿ."

ಆ ಮನುಷ್ಯ ಬರೆದ. ಅವನು ಹೋದ ಮೇಲೆ ನೋಡಿದೆ, ಅವಳ ಮುಷ್ಟಿಯೊಳಗೆ ಪೆನ್ನಿನ ಮುಚ್ಚಳ ಮುರಿದು ಎರಡಾಗಿತ್ತು.

ಅಂದಿನಿಂದ ನಾನು ಅರಮನೆಯ ಹೆಸರು ಎತ್ತಲಿಲ್ಲ. ಆ ಬೀದಿಯಲ್ಲಿ ಇಂಗ್ಲಿಷರ ಒಂದು ಗುಣವನ್ನೂ ಕಂಡೆ. ಮನುಷ್ಯರನ್ನು ಮಾತಾಡಿಸಲು ಅವರಿಗೆ ನಾಚಿಕೆ, ಪಕ್ಕದಲ್ಲಿ ನಾಯಿ ಇದ್ದರೆ ಮಾತ್ರ ಹಳೆಯ ಗೆಳೆಯರ ಹಾಗೆ ಶುರು ಮಾಡುತ್ತಾರೆ. ಒಬ್ಬ ಮುದುಕಿ ಯಾರದೋ ನಾಯಿಯ ಬಾಲ ತುಳಿದು, ನಾಯಿಗೇ ಬಗ್ಗಿ ಸಾರಿ ಹೇಳಿದಳು. ಅದರ ಒಡೆಯನ ಕಾಲನ್ನೂ ತುಳಿದಿದ್ದಳು, ಅವನಿಗೆ ಏನೂ ಹೇಳಲಿಲ್ಲ.

ಲಿಫ್ಟಿನ ಮುಂದೆ

ಮತ್ತೊಂದು ಶನಿವಾರ. ಶಕ್ಕು, ಸೂನ್‌ಹೀ ಬೇಗ ಹೋಗಿದ್ದರು. ನಾನು ಎಲ್ಲರಿಗೂ ರೊಟ್ಟಿ ಕಟ್ಟಿಕೊಂಡು ಹೊರಟೆ. ಲಿಫ್ಟಿನ ಮುಂದೆ ಯಜಮಾನರು ನಿಂತಿದ್ದರು, ಕೋಟು ಹಾಕಿಕೊಂಡು. ಹಡಗುಗಳ ಜೊತೆ ಬಂದರುಗಳಲ್ಲಿ ಕಲಿತ ತುಂಡು ತುಂಡು ಇಂಗ್ಲಿಷ್ ಅವರಿಗೆ ಬರುತ್ತಿತ್ತು.

"ಮಗಳು, ಲೈಬ್ರರಿ. ಶನಿವಾರ ಕೂಡ ಕೆಲಸ. ನಾನು, ಸುಮ್ಮನೆ. ಕೆಳಗೆ, ಮೇಲೆ."

ಲೈಬ್ರರಿ ಎಂದದ್ದು ನನಗೆ ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಪಾಪ, ಮುದುಕರಿಗೆ ಸರಿಯಾಗಿ ತಿಳಿದಿಲ್ಲ ಎಂದುಕೊಂಡೆ. ನಮ್ಮ ಕಡೆ ಎಲ್ಲಿಗಾದರೂ ಹೊರಟಾಗ ಹಿರಿಯರೊಬ್ಬರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರೆ, ಬರ್ರಿ ಅಜ್ಜಾರ ಎಂದು ಕರೆದುಕೊಂಡೇ ಹೋಗುತ್ತೇವೆ. ಕರೆಯದೆ ಹೋದರೆ ಅದೇ ತಪ್ಪು. ಮಗಳು ಅಷ್ಟು ಒಳ್ಳೆಯ ಕೆಲಸ ಮಾಡುತ್ತಿರುವಾಗ ತಂದೆ ಲಿಫ್ಟಿನಲ್ಲಿ ಕೆಳಗೆ ಮೇಲೆ ಓಡಾಡುವುದೆಂದರೇನು? "ಬನ್ನಿ, ನಿಮಗೊಂದು ಸಂತೋಷದ ಸಂಗತಿ ತೋರಿಸುತ್ತೇನೆ" ಎಂದು ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ನನ್ನ ಚೀಲವನ್ನು ಅವರೇ ಹಿಡಿದುಕೊಂಡರು.

ಮೇಜು ಕಂಡಿತು. ಸೂನ್‌ಹೀ ಯಾರಿಗೋ ಪೆನ್ನು ಕೊಡುತ್ತಿದ್ದವಳು ತಲೆ ಎತ್ತಿದಳು. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತು. "ಅಪ್ಪಾ" ಎಂದಳು. ಅವರ ಭಾಷೆಯಲ್ಲಿಯೂ ಅಪ್ಪ ಎಂದರೆ ಅಪ್ಪನೇ ಎಂದು ನನಗೆ ಆಗ ತಿಳಿಯಿತು.

ಯಜಮಾನರು ಮಗಳನ್ನು ನೋಡಲಿಲ್ಲ. ಒಂದು ಹಲಗೆಯ ಮೇಲೆ ಅವರ ಲಿಪಿಯಲ್ಲಿ ಮಗಳು ತನ್ನ ಕೈಯಿಂದ ಬರೆದ ಸಾಲುಗಳಿದ್ದವು. ಅವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಸುತ್ತ ನಿಂತ ಇಂಗ್ಲಿಷರನ್ನು ನೋಡಿದರು. ಮೆಲ್ಲಗೆ ಒಂದು ಮಾತು ಹೇಳಿ, ನನ್ನ ಚೀಲವನ್ನು ಮೇಜಿನ ಮೇಲಿಟ್ಟು, ಬಂದ ದಾರಿಯ ಬದಲು ಬೇರೆಯೇ ದಾರಿ ಹಿಡಿದು ಹೊರಟುಹೋದರು.

"ಅಕ್ಕಾ, ಏನ ಮಾಡಿದಿ ಇದು!" ಶಕ್ಕು ತಲೆ ಹಿಡಿದುಕೊಂಡಳು. "ಅವರಿಗೆ ಇದು ಗೊತ್ತಿರಲಿಲ್ಲ. ಅದಕ್ಕ ಅಕಿ ಲೈಬ್ರರಿ ಅಂತ ಹೇಳಿದ್ದು."

"ನಂಗರ ಯಾರ ಹೇಳಿದ್ರು?"

"ಯಾರಿಗೂ ಹೇಳಬ್ಯಾಡ ಅಂದಿದ್ಲು."

"ಯಾರಿಗೂ ಅನ್ನೋದರಾಗ ನಾನೂ ಬರತೀನೇನ? ನಾ ನಿಮ್ಮಕ್ಕ!"

ಅಲ್ಲಿಯ ಪದ್ಧತಿ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ದಾಟುವುದಿಲ್ಲ. ಧಾರವಾಡದಲ್ಲಾಗಿದ್ದರೆ ಹಾಲಿನವಳೇ ನನಗೆ ಮೊದಲ ದಿನ ಹೇಳಿರುತ್ತಿದ್ದಳು, ಈ ಅನಾಹುತ ಆಗುತ್ತಲೇ ಇರಲಿಲ್ಲ. ಸೂನ್‌ಹೀ ನಿಂತಲ್ಲೇ ನಿಂತಿದ್ದಳು, ಕಾಲೆತ್ತಲು ಆಗದವಳ ಹಾಗೆ. ನಾನು ಸೀರೆ ಎತ್ತಿ ಹಿಡಿದುಕೊಂಡು ಮುದುಕರ ಹಿಂದೆ ಓಡಿದೆ.

ಟ್ರಾಮಿನ ಕೊನೆಯ ನಿಲ್ದಾಣ

ಅವರು ನಿಂತಿದ್ದ ಟ್ರಾಮು ಹತ್ತಿದರು. ಬಾಗಿಲು ಮುಚ್ಚುವಷ್ಟರಲ್ಲಿ ನಾನೂ ಹತ್ತಿದೆ. ಅದು ನಮ್ಮ ಮನೆಯ ಕಡೆ ಹೋಗುವ ಟ್ರಾಮಲ್ಲ ಎಂದು ತಿಳಿಯುವಾಗ ಅಂಗಡಿಗಳು ಮುಗಿದು, ಮೈದಾನ ಮುಗಿದು, ಕಿಟಕಿಯ ಎರಡೂ ಬದಿಗೆ ಕಾಡು ಬಂದಿತ್ತು. ಟಿಕೆಟ್ ಟ್ರಾಮಿನಲ್ಲಿ ಕೊಡುವುದಿಲ್ಲ, ಹತ್ತುವ ಮೊದಲೇ ಯಂತ್ರದಿಂದ ತೆಗೆದುಕೊಳ್ಳಬೇಕು. ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ತಪಾಸಣೆಯವನು ಹತ್ತಿದ. ಎತ್ತರದ ಮನುಷ್ಯ, ಹಾಡಿನಂಥ ಇಂಗ್ಲಿಷ್.

"ಟಿಕೆಟ್, ಮೇಡಂ? ಇವರು ನಿಮ್ಮ ಪತಿಯೇ?"

"ಅಲ್ಲ. ಎದುರು ಮನೆಯವರ ತಂದೆ. ಮಗಳ ಮೇಲೆ ಸಿಟ್ಟಾಗಿ ಹೊರಟಿದ್ದಾರೆ. ಇವರನ್ನು ಹಿಡಿಯುವ ಅವಸರದಲ್ಲಿ ಟಿಕೆಟ್ ತೆಗೆದುಕೊಳ್ಳಲಿಲ್ಲ."

ಅವನು ಯಜಮಾನರ ಮುಖ ನೋಡಿದ. ತನ್ನ ಮನೆಯಲ್ಲಿಯೂ ಇಂಥವರೊಬ್ಬರು ಇದ್ದಾರೆ ಎನ್ನುವ ಹಾಗೆ ನಿಟ್ಟುಸಿರು ಬಿಟ್ಟು, ಕೊನೆಯ ನಿಲ್ದಾಣದಲ್ಲಿ ಇಳಿದು ಯಂತ್ರದಿಂದ ಟಿಕೆಟ್ ತೆಗೆದುಕೊಂಡೇ ಹಿಂದೆ ಬರಬೇಕು ಎಂದು ಹೇಳಿ ಮುಂದೆ ಹೋದ. ಅವನ ಹೊಟ್ಟೆ ತಣ್ಣಗಿರಲಿ.

ಕೊನೆಯ ನಿಲ್ದಾಣ ಒಂದು ಗುಡ್ಡದ ಮೇಲಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತೆವು. ಅವರೇ ಮೊದಲು ಮಾತಾಡಿದರು.

"ಇಂಗ್ಲಿಷ್ ಜನ, ನಗು. ಕೊರಿಯಾ, ನಾಯಿ, ಹಹಹ. ನನ್ನ ಮಗಳು, ಅವರ ಜೊತೆ ನಿಂತು."

ಅದು ಅವರ ನೋವು. ನಾಯಿಯ ಮಾತು ಆಮೇಲೆ. ಪರದೇಶದ ಬೀದಿಯಲ್ಲಿ, ಪರರ ಮುಂದೆ, ಮನೆಯ ಮಗಳು ಮನೆಯ ಮಾನ ಹರಾಜು ಹಾಕಿದಳು ಎಂಬುದು. ನನಗೆ ಅದು ಅರ್ಥವಾಯಿತು. ಇಂಗ್ಲಿಷರು ನಮ್ಮನ್ನು ನೋಡಿ ನಕ್ಕ ಕಥೆಗಳನ್ನು ಕೇಳಿಯೇ ನಾವೂ ಬೆಳೆದವರು.

"ನಾನು ಬಾಂಬೆ ನೋಡಿದೆ. ಹಡಗು ಬಂತು. ತುಂಬ ನಾಯಿ, ರಸ್ತೆಯಲ್ಲಿ. ನಿಮ್ಮ ದೇಶ, ನಾಯಿ ಕೊಲ್ಲುವುದು ಇಲ್ಲ?"

ಇಲ್ಲ ಎನ್ನುವುದು ಸುಲಭವಿತ್ತು. ನಾವು ನಾಯಿ ತಿನ್ನುವುದಿಲ್ಲ, ಕೊನೆಯ ರೊಟ್ಟಿ ಅದಕ್ಕೇ ಹಾಕುತ್ತೇವೆ ಎಂದು ಹೆಮ್ಮೆಯಿಂದ ಹೇಳಬಹುದಿತ್ತು. ಆದರೆ ಆ ಮನುಷ್ಯ ಅವಮಾನದಿಂದ ಕುಗ್ಗಿ ಕೂತಿದ್ದರು. ಅವರ ಮುಂದೆ ಜಂಬ ಕೊಚ್ಚಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮಲ್ಲಿಯೂ ನಾಯಿಗಳು ಹೆಚ್ಚಾದವು ಎಂದು ಮುನಸಿಪಾಲಿಟಿಯ ಗಾಡಿ ಬರುತ್ತಿತ್ತು. ಉದ್ದನೆಯ ಕಬ್ಬಿಣದ ಇಕ್ಕಳದಿಂದ ಕೊರಳು ಹಿಡಿದು ಎಳೆಯುತ್ತಿದ್ದರು. ಕೆಲವು ಸಲ ವಿಷದ ಉಂಡೆ ಹಾಕುತ್ತಿದ್ದರು. ಒಮ್ಮೆ ಕಾಳ್ಯಾನನ್ನು ಹಿಡಿದು ಗಾಡಿಗೆ ಹಾಕಿದಾಗ ನನ್ನ ಗಂಡ ಪೈಜಾಮದಲ್ಲೇ ಓಡಿಹೋಗಿ ಗಾಡಿಯ ಮುಂದೆ ರಸ್ತೆಯ ಮೇಲೆ ಕೂತುಬಿಟ್ಟರು. ಕಾಳ್ಯಾನನ್ನು ಬಿಡುವವರೆಗೆ ಏಳಲಿಲ್ಲ.

"ಗಂಡ? ರಸ್ತೆಯಲ್ಲಿ ಕೂತು?"

"ಕೂತರು. ಓಣಿಯವರೆಲ್ಲ ನೋಡುತ್ತಿದ್ದರು. ನನ್ನ ಶಾಲೆಯ ಹುಡುಗಿಯರೂ ನೋಡುತ್ತಿದ್ದರು."

"ನಿಮಗೆ ನಾಚಿಕೆ?"

"ಬಹಳ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು."

"ಈಗ?"

ಯೋಚಿಸಿದೆ. "ಈಗ ಊರಲ್ಲಿ ಹೊಸಬರು ಯಾರಾದರೂ ಬಂದರೆ ನಾನೇ ಮೊದಲು ಆ ಕಥೆ ಹೇಳುತ್ತೇನೆ."

ಅವರು ನಗಲಿಲ್ಲ. ಆದರೆ ನನ್ನ ಕಡೆ ತಿರುಗಿ ಕೂತರು. ಆಗ ಮೊದಲ ಶನಿವಾರ ಬಂದ ಆ ದಪ್ಪ ಮನುಷ್ಯನ ಸಂಗತಿ ಹೇಳಿದೆ. ಅವನು ಏನು ಕೇಳಿದ, ಅವರ ಮಗಳು ಏನು ಉತ್ತರ ಕೊಟ್ಟಳು, ಅವಳ ಮುಷ್ಟಿಯೊಳಗೆ ಪೆನ್ನಿನ ಮುಚ್ಚಳ ಹೇಗೆ ಮುರಿದಿತ್ತು, ಎಲ್ಲವನ್ನೂ. "ಅವಳು ಇಂಗ್ಲಿಷರ ಜೊತೆ ನಿಂತಿಲ್ಲ. ನಿಮ್ಮ ದೇಶದವರ ಜೊತೆಗೇ ನಿಂತಿದ್ದಾಳೆ, ಇಲ್ಲಿ ಒಬ್ಬಳೇ" ಎಂದೆ.

ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಟಿಕೆಟ್ ಯಂತ್ರ ನಮ್ಮಿಬ್ಬರನ್ನೂ ಸಾಕಷ್ಟು ಆಟ ಆಡಿಸಿತು. ಹಿಂದಿರುಗುವ ದಾರಿಯಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು.

ಡಬ್ಬಿ ಬಾರದ ವಾರ

ಆ ವಾರ ನಮ್ಮ ಡಬ್ಬಿ ಎದುರು ಮನೆಯಲ್ಲೇ ಉಳಿಯಿತು. ಶುಕ್ರವಾರದ ಚಟ್ನಿ ಹಾಕಿ ಕೊಟ್ಟದ್ದು, ಮರಳಿ ಬರಲಿಲ್ಲ. ರೊಟ್ಟಿ ಬಡಿಯುವಾಗ ಬೇಕೆಂದೇ ಜೋರಾಗಿ ಬಡಿದೆ. ಬಾಗಿಲು ತೆರೆಯಲಿಲ್ಲ.

ಸೂನ್‌ಹೀಯನ್ನು ತಡೆದು ನಿಲ್ಲಿಸಿ, ತಪ್ಪಾಯಿತಮ್ಮ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ತಪ್ಪಲ್ಲ ಆಂಟಿ. ಎಷ್ಟೋ ದಿನಗಳಿಂದ ಹೇಳಬೇಕು ಅಂದುಕೊಂಡು ಹೇಳಲಾಗದೇ ಇದ್ದೆ. ಆದರೆ ಅಪ್ಪ ವಾಪಸಾಗುವ ಯೋಚನೆಯಲ್ಲಿದ್ದಾರೆ. ವಿಮಾನದ ದಿನ ಬದಲಾಯಿಸಿಕೊಡು, ಬೇಗ ಹೋಗುತ್ತೇನೆ ಅಂತಾರೆ. ಹೀಗೆ ಮುನಿಸಿಕೊಂಡು ಹೋದರೆ ಅವರು ಮತ್ತೆ ಬರುವುದಿಲ್ಲ, ನನಗೆ ಗೊತ್ತು. ಅಮ್ಮ ಹೋದ ಮೇಲೆ ನನಗಿರುವುದು ಅವರೊಬ್ಬರೇ. ಹಾಗಂತ ಆ ಮೇಜು ಬಿಟ್ಟುಬಿಡಲೂ ನನ್ನಿಂದ ಆಗುವುದಿಲ್ಲ."

ನಾನು ಬಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಪರದೇಶಕ್ಕೆ ಬಂದು ಒಂದು ಮನೆ ಒಡೆದೆನಲ್ಲ ಎಂಬ ಸಂಕಟ. ಭಾನುವಾರ ಫೋನಿನಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ನಮ್ಮ ಡಬ್ಬಿ ಅವರ ಮನ್ಯಾಗ ಐತಿಲ್ಲೋ?"

"ಐತಿ."

"ಹಂಗಾರ ಬರ್ತಾರ ತಗೋ. ಹಂಗ ಇಟಗೊಂಡು ಹೋಗೋ ಮಂದಿ ಅಲ್ಲ ಅವರು. ಕಾಳ್ಯಾ ಆರಾಮ ಐತಿ."

ಮಳೆಯ ಶನಿವಾರ

ಅದು ನಾನು ಊರಿಗೆ ಹೊರಡುವ ಮೊದಲಿನ ಕೊನೆಯ ಶನಿವಾರ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ನಮ್ಮ ಕಡೆಯಾದರೆ ಇಂಥ ದಿನ ಯಾವ ಸಭೆಯೂ ನಡೆಯುವುದಿಲ್ಲ. ಇಂಗ್ಲಿಷರು ಮಳೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೂಡಿತ್ ಹಾಳೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಟೋಪಿ ಏರಿಸಿಕೊಂಡು ನಿಂತಿದ್ದಳು. ಸೂನ್‌ಹೀಯ ಕೂದಲಿನಿಂದ ನೀರು ಇಳಿಯುತ್ತಿತ್ತು. ನಾನು ಎಂದಿನಂತೆ ಹಾಳೆಗಳ ಕಾವಲಿಗೆ.

ಬೀದಿಯ ತುದಿಯಲ್ಲಿ ಒಂದು ದೊಡ್ಡ ಕಪ್ಪು ಛತ್ರಿ ಕಂಡಿತು. ಅದರ ಕೆಳಗೆ ಇಸ್ತ್ರಿ ಮಾಡಿದ ಅಂಗಿ. ಯಜಮಾನರು ನೇರ ನನ್ನ ಹತ್ತಿರ ಬಂದರು. ಕೋಟಿನ ಒಳಗಿನಿಂದ ನಮ್ಮ ಸ್ಟೀಲಿನ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಭಾರವಿತ್ತು. ಆಮೇಲೆ ಮಗಳ ಹಿಂದೆ ಹೋಗಿ ನಿಂತು, ಛತ್ರಿಯನ್ನು ಅವಳ ತಲೆಯ ಮೇಲೆ ಹಿಡಿದರು. ತಮ್ಮ ಅರ್ಧ ಮೈ ಮಳೆಗೇ ಬಿಟ್ಟಿದ್ದರು.

ಸೂನ್‌ಹೀ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಳುತ್ತಿದ್ದಳು. ಮುಂದೆ ನಿಂತವರಿಗೆ ಪೆನ್ನು ಕೊಡುತ್ತಲೇ ಇದ್ದಳು. ಜೂಡಿತ್ ಒಂದು ಪೆನ್ನನ್ನು ಮುದುಕರ ಮುಂದೆಯೂ ಚಾಚಿದಳು. ಅವರು ತಲೆ ಅಲ್ಲಾಡಿಸಿದರು. ಜೂಡಿತ್ ಮತ್ತೆ ಕೇಳಲಿಲ್ಲ.

ಮೂರು ನಾಲ್ಕು ಯುವಕರು ಬಂದರು, ಫುಟ್‌ಬಾಲಿನ ಅಂಗಿ ತೊಟ್ಟವರು, ಖುಷಿಯಲ್ಲಿದ್ದರು. ಒಬ್ಬ ಹಲಗೆ ನೋಡಿದ, ಮುದುಕರ ಮುಖ ನೋಡಿದ, ಗೆಳೆಯರಿಗೆ ಕಣ್ಣು ಹೊಡೆದ.

"ಏನಜ್ಜಾ, ನೀನು ತಿಂದಿದ್ದೀಯಾ ನಾಯಿ?"

ನನ್ನ ಮೈ ಉರಿಯಿತು. ಹೆಡ್‌ಮಿಸ್ಟ್ರೆಸ್ ಒಳಗಿನಿಂದ ಎದ್ದು ಬಂದಳು. ಬಾಯಿ ತೆರೆಯುವಷ್ಟರಲ್ಲಿ ಯಜಮಾನರೇ ಉತ್ತರ ಕೊಟ್ಟರು, ಶಾಂತವಾಗಿ, ಬಂದರಿನ ಇಂಗ್ಲಿಷಿನಲ್ಲಿ.

"ಮೊದಲು, ತಿಂದೆ. ಈಗ, ಮಗಳು ಬೇಡ ಅಂತಾಳೆ."

ಯಾರೂ ನಗಲಿಲ್ಲ. ಆ ಯುವಕ ಕೆಂಪಾದ. ಕಿವಿಯವರೆಗೂ ಕೆಂಪಾಗಿ, ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಅವನ ಹಿಂದೆ ಅವನ ಗೆಳೆಯರೂ ಹಾಕಿದರು. ಸೂನ್‌ಹೀ ಆಗ ತಿರುಗಿದಳು. ಅಪ್ಪನ ಒದ್ದೆಯಾದ ತೋಳಿಗೆ ಹಣೆ ಒತ್ತಿ ನಿಂತಳು. ಮುದುಕರು ಛತ್ರಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದರು.

ಡಬ್ಬಿಯಲ್ಲಿ ಪಿಯರ್ ಹಣ್ಣಿನ ಹೋಳುಗಳಿದ್ದವು, ಪಕ್ಕದಲ್ಲಿ ನನಗೆಂದೇ ಮೀನು ಹಾಕದೆ ಮಾಡಿದ ಎಲೆಕೋಸಿನ ಖಾರದ ಉಪ್ಪಿನಕಾಯಿ. ಮಳೆಯಲ್ಲಿ ನಿಂತು ರೊಟ್ಟಿಯ ಜೊತೆ ಎಲ್ಲರೂ ತಿಂದೆವು. ಜೂಡಿತ್ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಎರಡನೆಯ ರೊಟ್ಟಿ ಕೇಳಿದಳು. ವಿಮಾನದ ದಿನ ಬದಲಾಯಿಸುವ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ ಎಂದು ಶಕ್ಕು ಹೇಳಿದಳು. ಈ ಸಲ ಯಾರೂ ಕೇಳದೆಯೇ ಹೇಳಿದಳು, ಯಾಕೆಂದರೆ ನಾನು ಅವಳ ಅಕ್ಕ.

ಧಾರವಾಡ

ಈಗ ಬರೆಯುತ್ತ ಕೂತಾಗ ಮನಸ್ಸಿಗೆ ಬರುವುದೆಲ್ಲ ಋಣವೇ. ಅವಮಾನ ಮಾಡದೆ ನನ್ನ ಉಪದೇಶ ನಿಲ್ಲಿಸಿದ ಜೂಡಿತ್, ಟಿಕೆಟ್ಟಿಲ್ಲದ ಇಬ್ಬರು ಮುದಿಜೀವಗಳನ್ನು ದಂಡ ಹಾಕದೆ ಬಿಟ್ಟ ಟ್ರಾಮಿನ ಮನುಷ್ಯ, ನನ್ನನ್ನು ಕ್ಷಮಿಸಿದ ಸೂನ್‌ಹೀ. ಅರಮನೆ ನೋಡಿದ್ದರೆ ಇವರಲ್ಲಿ ಯಾರೂ ನನಗೆ ಸಿಗುತ್ತಿರಲಿಲ್ಲ. ಬಂದ ದಿನ ಕಾಳ್ಯಾ ನನ್ನ ಚೀಲವನ್ನೆಲ್ಲ ಮೂಸಿ ನೋಡಿ, ಲಂಡನ್ನಿನ ವಾಸನೆ ಹಿಡಿಸದೆ ಸೀನಿತು. ಅದರ ಕೆಂಪು ಪಟ್ಟಿಯನ್ನು ಹಿಡಿದು ನಾನು ಹೊಸಿಲ ಮೇಲೆ ಬಹಳ ಹೊತ್ತು ಕೂತಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ ಶಕ್ಕುವಿನ ಫೋನ್ ಬಂತು. ಯಜಮಾನರು ತಮ್ಮ ಊರಿನಲ್ಲಿದ್ದರು. ಅಲ್ಲಿ ಬಿಸಿಲು ತೀರ ಏರಿದ ದಿನಗಳಲ್ಲಿ ಮೈಗೆ ಶಕ್ತಿ ಬರಲಿ ಎಂದು ಗೆಳೆಯರೆಲ್ಲ ಕೂಡಿ ನಾಯಿಮಾಂಸದ ಸಾರು ಕುಡಿಯಲು ಹೋಗುವ ರೂಢಿಯಂತೆ. ಹಡಗಿನ ಕೆಲಸದ ಹಳೆಯ ಗೆಳೆಯರು ಇವರನ್ನೂ ಕರೆದರು. ಇವರು ಹೋದರು. ಎಲ್ಲರ ನಡುವೆ ಕೂತು, ನನಗೆ ಕೋಳಿಯ ಸಾರು ಸಾಕು ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ಮಗಳು ಬೇಡ ಅಂತಾಳೆ ಎಂದರಂತೆ. ಗೆಳೆಯರು ತಮಾಷೆ ಮಾಡಿ ನಕ್ಕರು. ಆದರೆ ಒಬ್ಬಾತ ನಗಲಿಲ್ಲ. ನನಗೂ ಕೋಳಿಯದೇ ಇರಲಿ ಎಂದನಂತೆ.

"ಸೂನ್‌ಹೀಗ ಅವರ ಫೋನ ಮಾಡಿ ಹೇಳ್ಯಾರ. ಅಕಿ ಅಳಕೋತನ ಬಂದು ನಂಗ ಹೇಳಿದ್ಲು. ನಿಂಗೂ ಹೇಳು ಅಂತ ಅಂದ್ಲು" ಎಂದಳು ಶಕ್ಕು. "ಅಕ್ಕಾ? ಕೇಳಾಕತ್ತಿಯೇನ? ಯಾಕ ಸುಮ್ಮನಾದಿ?"

ಕಣ್ಣು ತುಂಬಿತ್ತು, ಅದು ಒಂದು ಕಾರಣ. ಇನ್ನೊಂದು, ಕೋಳಿಯ ಬಗ್ಗೆ ಹೇಳಬೇಕಾದ ಮಾತೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡೆ. ಒಂದು ಸಲಕ್ಕೆ ಒಂದೇ ಮಾತು.

"ಭಾಳ ಚಲೋ ಆತು ಅಂತ ಹೇಳು" ಎಂದೆ.